ಸಹಾಯ ಬೇಕು: ಯೂನಿವರ್ಸಿಟಿಲಿ ಲೇಖಕರ ಓದು ಕಾರ್ಯಕ್ರಮ

ಎಲ್ಲರಿಗೂ ನಮಸ್ಕಾರ. ನಮ್ಮ ಯೂನಿವರ್ಸಿಟಿಗೆ ಸುತ್ತಮುತ್ತಲಿನ ಲೇಖಕರನ್ನ ಕರೆಸಿ ಅವರ ಕತೆ, ಕವಿತೆ ಅವರ ಬಾಯಲ್ಲೇ ಓದಿಸ್ಬೇಕು ಅಂತಿದೀವಿ, ಉದ್ದುದ್ದ ಭಾಷಣ ಬೇಡ, ಓದು ಆಮೇಲೆ ಒಂದಿಷ್ಟು ಮಾತುಕತೆ ಅಷ್ಟೇ, ಹೊರಗಿನವರೂ ಬರಬಹುದು. ಇಂಥದ್ದು ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ಒಬ್ಬೊಬ್ಬರಿಗೆ 20 ನಿಮಿಷ ಇಟ್ಕೊಂಡಿದೀವಿ. ಗಟ್ಟಿಯಾಗಿ ಓದಿದ್ರೆ ಒಂದು ಪುಟಕ್ಕೇ ಎರಡು ಮೂರು ನಿಮಿಷ ಹೋಗತ್ತೆ, ಹಾಗಾಗಿ ದೊಡ್ಡ ಕತೆ ಪೂರ್ತಿ ಆಗಲ್ಲ. ಯಾವ ಭಾಗ ಓದಬೇಕು ಅಂತ ನಾವು ಹೇಳೋದಾ, ಅವರಿಗೇ ಬಿಡೋದಾ? ನನಗಂತೂ ಅವರಿಗೇ ಬಿಡೋದು ಸರಿ ಅನ್ಸತ್ತೆ.

ಮುಖ್ಯವಾಗಿ ಮೈಕು. ಹಿಂದೆ ಒಂದು ಕಡೆ ಹಿರಿಯ ಕವಿಯೊಬ್ಬರು ಪುಸ್ತಕ ನೋಡೋಕೆ ತಲೆ ಬಗ್ಗಿಸಿದಾಗೆಲ್ಲ ಬಾಯಿ ಮೈಕಿಂದ ದೂರ ಹೋಗಿ ಸಾಲಿನ ಕೊನೇ ಪದಗಳೇ ನಮಗೆ ಕೇಳ್ತಿರ್ಲಿಲ್ಲ, ಎಷ್ಟು ಚೆನ್ನಾಗಿ ಓದ್ತಿದ್ರು, ತುಂಬಾ ಬೇಜಾರಾಯ್ತು. ಕಾಲರ್ ಮೈಕ್ ಸಾಕಾ, ಇಲ್ಲ ಪುಸ್ತಕ ಇಡೋಕೆ ಎತ್ತರದ ಸ್ಟ್ಯಾಂಡ್ ಕೊಟ್ರೆ ಒಳ್ಳೇದಾ?

ರೆಕಾರ್ಡ್ ಮಾಡಿ ಆನ್‌ಲೈನ್ ಹಾಕೋ ಆಸೆನೂ ಇದೆ. ಲೇಖಕರ ಒಪ್ಪಿಗೆ ಬರವಣಿಗೇಲಿ ತಗೋತೀವಿ, ಆದ್ರೆ ಕೆಲವು ಸಲ ಹಕ್ಕು ಪ್ರಕಾಶಕರ ಹತ್ರ ಇರತ್ತಲ್ಲ, ಅವರಿಗೆ ಹೇಗೆ ಬರೀಬೇಕು? ಒಪ್ಪಿಗೆ ಪತ್ರದ ಮಾದರಿ ಯಾರ ಹತ್ರನಾದ್ರೂ ಇದ್ರೆ ಇಲ್ಲೇ ಹಾಕಿ. ಗೌರವಧನ, ಪ್ರಯಾಣದ ಖರ್ಚು ಅದೇ ದಿನ ಕೈಗೆ ಸಿಗೋ ಹಾಗೆ ಮಾಡೋಕೆ ವಿಭಾಗದಲ್ಲಿ ಎಷ್ಟು ಮುಂಚೆ ಅರ್ಜಿ ಹಾಕ್ಬೇಕು ಅನ್ನೋದನ್ನೂ ತಿಳಿಸಿ, ಬರೆಯೋರನ್ನ ಆಮೇಲೆ ಅಲೆದಾಡಿಸೋದು ನಮಗೆ ಇಷ್ಟ ಇಲ್ಲ.