ಬೆಂಗಳೂರಿನಲ್ಲಿ ವಾಯುಭಾರ 912, ಒಡಿಶಾದ ಚಂಡಮಾರುತದ ಕೇಂದ್ರದಲ್ಲೂ 912: ವಿದ್ಯಾರ್ಥಿನಿಗೆ ಹೇಗೆ ಉತ್ತರಿಸಲಿ?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸುತ್ತೇನೆ. ಕಳೆದ ವಾರ ವಾಯುಗೋಳದ ಒತ್ತಡ, ಮಾರುತಗಳು ಮತ್ತು ಆವರ್ತ ಮಾರುತಗಳ ಪಾಠವನ್ನು ಮುಗಿಸಿದೆ. ಅಧಿಕ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಗಾಳಿ ಬೀಸುತ್ತದೆ ಎಂದು ಹೇಳಿ, ಉದಾಹರಣೆಯಾಗಿ 1999ರ ಅಕ್ಟೋಬರ್ 29ರಂದು ಪಾರಾದೀಪ್ ಬಳಿ ದಡಕ್ಕೆ ಅಪ್ಪಳಿಸಿದ ಒಡಿಶಾದ ಮಹಾ ಚಂಡಮಾರುತವನ್ನು ವಿವರಿಸಿದೆ. ಅದರ ಕೇಂದ್ರದಲ್ಲಿ ಒತ್ತಡವು 912 ಹೆಕ್ಟೋಪ್ಯಾಸ್ಕಲ್‌ಗೆ (ವಾಯುಭಾರವನ್ನು ಅಳೆಯುವ ಮಾನ) ಕುಸಿದಿತ್ತು ಮತ್ತು ಗಾಳಿಯ ವೇಗವು ಗಂಟೆಗೆ ಸುಮಾರು 260 ಕಿ.ಮೀ. ಮುಟ್ಟಿತ್ತು ಎಂದೂ ತಿಳಿಸಿದೆ.

ಮರುದಿನ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಯ ಮೊಬೈಲ್‌ನಲ್ಲಿರುವ ವಾಯುಭಾರಮಾಪಕದ ಅಳತೆಯನ್ನು ಬರೆದುಕೊಂಡು ಬಂದಳು. ಅದೂ 912 ಇತ್ತು. "ಇಲ್ಲಿ ದಿನವೂ ಇಷ್ಟೇ ಒತ್ತಡವಿದ್ದರೆ ಬೆಂಗಳೂರಿನಲ್ಲಿ ಚಂಡಮಾರುತ ಏಕೆ ಇಲ್ಲ ಮೇಡಂ? ಮಂಗಳೂರಿನಲ್ಲಿ 1010 ಇರುವಾಗ ಅಲ್ಲಿಯ ಗಾಳಿ ಇಲ್ಲಿಗೆ ಏಕೆ ನುಗ್ಗುವುದಿಲ್ಲ?" ಎಂದು ಕೇಳಿದಳು. ಎತ್ತರಕ್ಕೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ ಎಂದು ನಾನು ಉತ್ತರಿಸಿದಾಗ, "ಒತ್ತಡ ಏಕೆ ಕಡಿಮೆ ಎಂಬುದು ಗೊತ್ತಾಯಿತು, ಗಾಳಿ ಏಕೆ ಬರುವುದಿಲ್ಲ ಎಂಬುದು ಗೊತ್ತಾಗಲಿಲ್ಲ" ಎಂದಳು. ಅವಳ ಆಕ್ಷೇಪ ನ್ಯಾಯವಾದದ್ದು. ಹದಿನೈದು ವರ್ಷಗಳಿಂದ ಇದೇ ಪಾಠ ಮಾಡುತ್ತಿದ್ದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಹಾವೇರಿ

ಮೇಡಂ, ಮಂಗಳೂರು ಮತ್ತು ಬೆಂಗಳೂರಿನ ನಡುವೆ ಪಶ್ಚಿಮ ಘಟ್ಟಗಳು ಗೋಡೆಯಂತೆ ನಿಂತಿರುವುದರಿಂದ ಗಾಳಿಗೆ ತಡೆಯಾಗುತ್ತದೆ ಎಂದು ನನ್ನ ಅನಿಸಿಕೆ. ಮುಂಗಾರಿನ ಮೋಡಗಳನ್ನು ಘಟ್ಟಗಳು ತಡೆದು ಮಳೆ ಸುರಿಸುವುದನ್ನು ನಾವು ಓದಿದ್ದೇವಲ್ಲ, ಇಲ್ಲಿಯೂ ಅದೇ ಕಾರಣವಿರಬಹುದು.

ಉತ್ತರ 2: ಹವಾಮಾನ ವೀಕ್ಷಣಾಲಯದ ನಿವೃತ್ತ ಸಿಬ್ಬಂದಿ, ಮೈಸೂರು

ಮೇಲಿನ ಉತ್ತರವನ್ನು ಬರೆದ ಮಿತ್ರರ ಪ್ರಯತ್ನವನ್ನು ಗೌರವಿಸುತ್ತೇನೆ, ಆದರೆ ಕಾರಣ ಅದಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಚೆನ್ನೈವರೆಗೆ ನೆಲವು ಇಳಿಯುತ್ತಾ ಹೋಗುತ್ತದೆಯೇ ಹೊರತು ಪಶ್ಚಿಮ ಘಟ್ಟದಂಥ ಗೋಡೆ ಅಲ್ಲಿಲ್ಲ. ಚೆನ್ನೈಯಲ್ಲಿಯೂ ಒತ್ತಡವು 1010ರ ಆಸುಪಾಸಿನಲ್ಲಿಯೇ ಇರುತ್ತದೆ. ಹಾಗಿದ್ದರೂ ಅಲ್ಲಿಂದ ಯಾವ ಬಿರುಗಾಳಿಯೂ ಬೆಂಗಳೂರಿಗೆ ಏರಿ ಬರುವುದಿಲ್ಲ.

ವಾಯುಭಾರ ಎಂಬ ನಮ್ಮ ಪದದಲ್ಲಿಯೇ ವಿಷಯವಿದೆ. ಒಂದು ಸ್ಥಳದ ಮೇಲೆ ವಾಯುಗೋಳದ ತುದಿಯವರೆಗೆ ನಿಂತಿರುವ ಗಾಳಿಯ ಕಂಬದ ಭಾರವೇ ಅಲ್ಲಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಅದರ ಸರಾಸರಿ 1013.25 ಹೆಕ್ಟೋಪ್ಯಾಸ್ಕಲ್, ಅಂದರೆ 76 ಸೆಂ.ಮೀ. ಪಾದರಸದ ಎತ್ತರಕ್ಕೆ ಸಮ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನೆಲದ ಸಮೀಪದಲ್ಲಿ ಎಂಟೊಂಬತ್ತು ಮೀಟರ್ ಏರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುವುದರಿಂದ, ಅಷ್ಟು ಎತ್ತರಕ್ಕೆ ಸುಮಾರು ನೂರು ಕಡಿಮೆಯಾಗುತ್ತದೆ. ನಿಮ್ಮ ವಿದ್ಯಾರ್ಥಿನಿಯ ಮೊಬೈಲ್ ಸರಿಯಾಗಿಯೇ ಅಳೆದಿದೆ.

ಇನ್ನು ಗಾಳಿ ಏಕೆ ಬರುವುದಿಲ್ಲ ಎಂಬುದಕ್ಕೆ ಬಾವಿಯನ್ನು ನೆನೆಸಿಕೊಳ್ಳಿ. ಬಾವಿಯ ತಳದಲ್ಲಿ ನೀರಿನ ಒತ್ತಡ ಹೆಚ್ಚು, ಮೇಲ್ಭಾಗದಲ್ಲಿ ಕಡಿಮೆ. ಹಾಗೆಂದು ತಳದ ನೀರು ಮೇಲಕ್ಕೆ ಚಿಮ್ಮುವುದಿಲ್ಲ, ಏಕೆಂದರೆ ಕೆಳಗಿನಿಂದ ಮೇಲಕ್ಕೆ ನೂಕುವ ಒತ್ತಡವನ್ನು ನೀರಿನ ಸ್ವಂತ ಭಾರವೇ ಸರಿದೂಗಿಸುತ್ತದೆ. ಗಾಳಿಯೂ ಹಾಗೆಯೇ. ಮಂಗಳೂರು ಬಾವಿಯ ತಳದಂತೆ, ಬೆಂಗಳೂರು ಅದೇ ಬಾವಿಯ ಮೇಲಿನ ಮೆಟ್ಟಿಲಿನಂತೆ. ಮಂಗಳೂರಿನ ನೆತ್ತಿಯ ಮೇಲೆ 920 ಮೀಟರ್ ಎತ್ತರಕ್ಕೆ ಒಂದು ಬಲೂನಿನಲ್ಲಿ ಭಾರಮಾಪಕವನ್ನು ಕಳುಹಿಸಿದರೆ ಅದು ಕೂಡ ಸರಿಸುಮಾರು 912 ತೋರಿಸುತ್ತದೆ. ಒಂದೇ ಎತ್ತರದಲ್ಲಿ ಎರಡೂ ಕಡೆ ಒತ್ತಡ ಸಮವಾಗಿರುವಾಗ ಗಾಳಿಯನ್ನು ನೂಕುವ ಬಲವಾದರೂ ಎಲ್ಲಿಂದ ಬರಬೇಕು?

ಆದ್ದರಿಂದಲೇ ವೀಕ್ಷಣಾಲಯದಲ್ಲಿ ನಾವು ಬೆಳಿಗ್ಗೆ 8.30ಕ್ಕೆ ಮತ್ತು ಸಂಜೆ 5.30ಕ್ಕೆ ಭಾರಮಾಪಕವನ್ನು ಓದಿದ ಬಳಿಕ, ಆ ಸ್ಥಳವು ಸಮುದ್ರ ಮಟ್ಟದಲ್ಲಿ ಇದ್ದಿದ್ದರೆ ಒತ್ತಡ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದೆವು. ಹವಾಮಾನ ನಕ್ಷೆಯ ಸಮಭಾರ ರೇಖೆಗಳನ್ನು (ಸಮಾನ ಒತ್ತಡದ ಸ್ಥಳಗಳನ್ನು ಸೇರಿಸುವ ಗೆರೆಗಳನ್ನು) ಎಳೆಯುವುದು ಆ ತಿದ್ದಿದ ಅಂಕಿಗಳಿಂದ. ಹೀಗೆ ತಿದ್ದಿದರೆ ಬೆಂಗಳೂರು 1010ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಪಾರಾದೀಪ್ ಮಾತ್ರ ಅಂದು 912ರಲ್ಲಿಯೇ ಉಳಿಯುತ್ತದೆ. ಪಾರಾದೀಪಿನ ಮೇಲೆ ಅಂದು 920 ಮೀಟರ್ ಎತ್ತರದಲ್ಲಿ ಅಳೆದಿದ್ದರೆ ಒತ್ತಡವು 820ರ ಆಸುಪಾಸಿನಲ್ಲಿ ಇರುತ್ತಿತ್ತು. ಹೋಲಿಸಬೇಕಾದದ್ದು ಆ 820ನ್ನು ಬೆಂಗಳೂರಿನ 912ರೊಡನೆ.

ಸಮತಟ್ಟಾಗಿ ನೋಡಿದಾಗ ಗಾಳಿಗೆ ಬೇಕಾಗುವ ವ್ಯತ್ಯಾಸ ಎಷ್ಟು ಅಲ್ಪ ಎಂಬುದನ್ನೂ ಮಕ್ಕಳಿಗೆ ಹೇಳಿ. ಕರಾವಳಿಯಲ್ಲಿ ಮಧ್ಯಾಹ್ನ ಬೀಸುವ ಸಮುದ್ರ ಗಾಳಿಗೆ ಒಂದೆರಡು ಹೆಕ್ಟೋಪ್ಯಾಸ್ಕಲ್ ಸಾಕು. ನೈರುತ್ಯ ಮುಂಗಾರಿನ ಕಾಲದಲ್ಲಿ ಕೇರಳದಿಂದ ರಾಜಸ್ಥಾನದವರೆಗೆ ಇರುವ ವ್ಯತ್ಯಾಸವೇ ಹತ್ತರಿಂದ ಹದಿನೈದು. ಅಂಥದ್ದರಲ್ಲಿ ಒಡಿಶಾದ ಚಂಡಮಾರುತವು ಕೆಲವೇ ನೂರು ಕಿ.ಮೀ. ಅಂತರದಲ್ಲಿ ನೂರರಷ್ಟು ಕುಸಿತವನ್ನು ಹೊತ್ತು ತಂದಿತ್ತು. ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ಗಾಳಿ ಅದು. ಆ ಅಂಕಿಯನ್ನು ಪಾಠದಲ್ಲಿ ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಪ್ರಶ್ನೆ ಕೇಳಿದವರಿಂದ:

ಸರ್, ಬಾವಿಯ ಹೋಲಿಕೆಯಿಂದ ನನಗೇ ಮೊದಲು ಅರ್ಥವಾಯಿತು, ಅನಂತ ವಂದನೆಗಳು. ಇನ್ನೊಂದು ಸಂದೇಹ ಉಳಿದಿದೆ. ಸಮುದ್ರದ ಮೇಲೆ ಅಷ್ಟು ಕಡಿಮೆ ಒತ್ತಡ ಉಂಟಾದರೆ ಸುತ್ತಲಿನ ಗಾಳಿ ನುಗ್ಗಿ ಕೆಲವು ಗಂಟೆಗಳಲ್ಲಿಯೇ ಅದನ್ನು ತುಂಬಿಬಿಡಬೇಕಲ್ಲವೇ? ಅದು ದಿನಗಟ್ಟಲೆ ಹೇಗೆ ಉಳಿಯುತ್ತದೆ?

ಉತ್ತರ 3: ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

ಹಿರಿಯರು ಹೇಳಿದ ಗಾಳಿಯ ಕಂಬದಿಂದಲೇ ಮುಂದುವರಿಯುತ್ತೇನೆ. ಚಂಡಮಾರುತದ ಕೇಂದ್ರದ ಮೇಲಿರುವ ಕಂಬವು ಸುತ್ತಲಿನ ಕಂಬಗಳಿಗಿಂತ ಹಗುರವಾಗಿದೆ, ಏಕೆಂದರೆ ಅದು ಬೆಚ್ಚಗಿದೆ. ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ಸಮುದ್ರದಿಂದ ಎದ್ದ ನೀರಾವಿಯು ಮೇಲೇರಿ ಮೋಡವಾಗುವಾಗ, ಆವಿಯಾಗಲು ಹೀರಿಕೊಂಡಿದ್ದ ಗುಪ್ತೋಷ್ಣವನ್ನು ಹೊರಬಿಡುತ್ತದೆ. ಆ ಶಾಖದಿಂದ ಗಾಳಿ ಹಿಗ್ಗಿ, ಹತ್ತು ಹದಿನೈದು ಕಿ.ಮೀ. ಎತ್ತರದಲ್ಲಿ ಹೊರಕ್ಕೆ ಹರಿದುಹೋಗುತ್ತದೆ. ಕೆಳಗಿನಿಂದ ಒಳಬರುವ ಗಾಳಿಗಿಂತ ಮೇಲಿನಿಂದ ಹೊರಹೋಗುವ ಗಾಳಿ ಹೆಚ್ಚಾಗಿರುವವರೆಗೆ ಒತ್ತಡ ಇಳಿಯುತ್ತಲೇ ಇರುತ್ತದೆ. ಚಂಡಮಾರುತವು ನೆಲವನ್ನು ಹೊಕ್ಕ ಮೇಲೆ ಬೇಗನೆ ಸೊರಗುವುದು ನೀರಾವಿಯ ಈ ಪೂರೈಕೆ ಕಡಿದುಹೋಗುವುದರಿಂದ.

ಎರಡನೆಯ ಕಾರಣ ಭೂಮಿಯ ಭ್ರಮಣೆ. ಕೇಂದ್ರದತ್ತ ಹೊರಟ ಗಾಳಿಯು ಕೊರಿಯಾಲಿಸ್ ಪರಿಣಾಮದಿಂದ ಉತ್ತರ ಗೋಳಾರ್ಧದಲ್ಲಿ ತನ್ನ ಬಲಕ್ಕೆ ವಾಲುತ್ತದೆ. ನೇರವಾಗಿ ಒಳನುಗ್ಗುವ ಬದಲು ಅದು ಕೇಂದ್ರವನ್ನು ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಸಮುದ್ರದ ಮೇಲ್ಮೈಯ ಘರ್ಷಣೆಯಿಂದ ವೇಗ ಕಳೆದುಕೊಂಡಷ್ಟು ಮಾತ್ರ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಯುತ್ತದೆ. ಈ ವಾಲುವಿಕೆಯು ಸಮಭಾಜಕ ವೃತ್ತದಲ್ಲಿ ಶೂನ್ಯ. ಅಲ್ಲಿ ಸಮುದ್ರ ಎಷ್ಟೇ ಬೆಚ್ಚಗಿದ್ದರೂ 5 ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ. 2001ರ ಡಿಸೆಂಬರಿನಲ್ಲಿ ಸಿಂಗಪುರದ ಬಳಿ 1.4 ಡಿಗ್ರಿ ಉತ್ತರದಲ್ಲಿ ಬೀಸಿದ 'ವಾಮೆಯ್' ಅಂಥದ್ದೊಂದು ಅಪವಾದ.

ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಾತನ್ನು ಸೇರಿಸುತ್ತೇನೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೂ ಬಂಗಾಳ ಕೊಲ್ಲಿ ಬೆಚ್ಚಗೇ ಇರುತ್ತದೆ, ಆದರೆ ದೊಡ್ಡ ಚಂಡಮಾರುತಗಳು ಬರುವುದು ಮುಖ್ಯವಾಗಿ ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮುಂಗಾರಿನ ನಡುವೆ ಕೆಳಗೆ ಪಶ್ಚಿಮದಿಂದ, ಮೇಲೆ ಪೂರ್ವದಿಂದ ಬಲವಾದ ಗಾಳಿ ಬೀಸುವುದರಿಂದ ಆ ಬೆಚ್ಚನೆಯ ಕಂಬವು ನೆಟ್ಟಗೆ ನಿಲ್ಲಲಾಗದೆ ಚೆದುರುತ್ತದೆ.

ಉತ್ತರ 4: ಮೀನುಗಾರ ಕುಟುಂಬದವರು, ಮಲ್ಪೆ

ಈ ಚರ್ಚೆಯನ್ನು ಓದುತ್ತಿರುವಾಗ 2021ರ ಮೇ ತಿಂಗಳ 'ತೌಕ್ತೆ' ನೆನಪಾಯಿತು. ಅದರ ಕೇಂದ್ರವು ನಮ್ಮ ದಡವನ್ನು ಮುಟ್ಟದೆ, ಅರಬ್ಬೀ ಸಮುದ್ರದಲ್ಲಿಯೇ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನ ತೀರವನ್ನು ಸೇರಿತು. ಆದರೂ ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಕಡಲ್ಕೊರೆತದಿಂದ ರಸ್ತೆ, ತೆಂಗಿನ ಮರಗಳು ನೀರುಪಾಲಾದವು.

ಉಪನ್ಯಾಸಕರು ಹೇಳಿದ ಸುತ್ತುವಿಕೆಯನ್ನು ದಡದಲ್ಲಿ ನಿಂತೇ ಗುರುತಿಸಬಹುದು ಎಂಬುದನ್ನು ಮಕ್ಕಳಿಗೆ ತಿಳಿಸಿ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಕೇಂದ್ರವು ನಮ್ಮ ಎಡಗಡೆಗೆ ಇರುತ್ತದೆ. ಚಂಡಮಾರುತವು ನಮ್ಮ ಪಶ್ಚಿಮದ ಕಡಲಿನಲ್ಲಿ ಉತ್ತರಕ್ಕೆ ಸಾಗುತ್ತಿದ್ದರೆ ಗಾಳಿಯು ಮೊದಲು ಆಗ್ನೇಯದಿಂದ ಬೀಸಿ, ಕೇಂದ್ರವು ನಮಗೆ ನೇರವಾದಾಗ ತೆಂಕಣ ಗಾಳಿಯಾಗಿ, ಅದು ಮುಂದೆ ಸಾಗಿದ ಮೇಲೆ ನೈರುತ್ಯದಿಂದ ಬೀಸತೊಡಗುತ್ತದೆ. ಆಗ ಗಾಳಿ ಕಡಲಿನಿಂದ ನೇರವಾಗಿ ದಡಕ್ಕೆ ನೂಕುವುದರಿಂದ, ತೂಫಾನು ದಾಟಿತೆಂದು ದೋಣಿಯ ಹಗ್ಗವನ್ನು ಸಡಿಲಿಸಬಾರದು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು.