ಬಿಪಿ 138/88 ಬಂದಿದೆ, ಮಾತ್ರೆ ಶುರು ಮಾಡಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 43 ವರ್ಷ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಹೋದ ವಾರ ಹಲ್ಲು ಕೀಳಿಸಲು ಹೋದಾಗ ಬಿಪಿ 148/92 ಅಂದರು. ಎರಡು ದಿನ ಬಿಟ್ಟು ಮೆಡಿಕಲ್ ಶಾಪಿನಲ್ಲಿ ನೋಡಿಸಿದೆ, 138/88. ಶುಗರ್ ಇಲ್ಲ, ಸಿಗರೇಟ್ ಇಲ್ಲ, ತಲೆಸುತ್ತೂ ಇಲ್ಲ. ಅಪ್ಪನಿಗೆ ಲಕ್ವ ಹೊಡೆದಿತ್ತು, ಅದೇ ಭಯ. ಭಾವ ಇವತ್ತೇ ಮಾತ್ರೆ ಶುರು ಮಾಡು ಅಂತಾರೆ. ಅಮ್ಮ, ಒಂದ್ಸಲ ಹಿಡಿದರೆ ಬಿಡೋಕಾಗಲ್ಲ, ಬೇಡ ಅಂತಾರೆ. ಏನು ಮಾಡಲಿ?

ಡಾಕ್ಟರ್: ಈ ಎರಡು ರೀಡಿಂಗ್ ನೋಡಿ ನಾನಂತೂ ಮಾತ್ರೆ ಬರೆಯುವುದಿಲ್ಲ. ಹಲ್ಲು ಕೀಳುವ ಕುರ್ಚಿಯಲ್ಲಿ ಕೂತರೆ ಯಾರಿಗಾದರೂ ಬಿಪಿ ಏರುತ್ತದೆ. ಹಾಗಂತ ಮರೆತುಬಿಡಿ ಅಂತಲೂ ಹೇಳುತ್ತಿಲ್ಲ. ತಲೆಸುತ್ತು ಇಲ್ಲ ಅನ್ನುವುದು ಸಮಾಧಾನದ ಮಾತಲ್ಲ, ಬಿಪಿ ಹೆಚ್ಚಾದರೂ ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ.

ಮೊದಲು ಮನೆಯಲ್ಲಿ ಒಂದು ವಾರ ಸರಿಯಾಗಿ ಅಳೆಯಿರಿ. ತೋಳಿಗೆ ಪಟ್ಟಿ ಕಟ್ಟುವ ಮಿಷನ್ ತಗೊಳ್ಳಿ, ಮಣಿಕಟ್ಟಿನದು ಬೇಡ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ, ಚಿಕ್ಕದು ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ಕಾಫಿಗೆ ಮುಂಚೆ, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ನೆ ಕೂತ್ಕೊಳ್ಳಿ. ಕಾಲ ಮೇಲೆ ಕಾಲು ಬೇಡ, ಮಾತು ಬೇಡ, ಫೋನ್ ಬೇಡ. ಕೈ ಟೇಬಲ್ ಮೇಲೆ, ಎದೆ ಮಟ್ಟಕ್ಕೆ ಇರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಸಂಜೆಯೂ ಹೀಗೇ. ಮೊದಲ ದಿನದ್ದು ಬಿಟ್ಟು ಉಳಿದ ದಿನಗಳ ಸರಾಸರಿ ತೆಗೆಯಿರಿ. ಈಚೆಗೆ ಒಬ್ಬರು ಮೆಟ್ಟಿಲು ಹತ್ತಿ ಬಂದವರೇ, ಕೈ ಜೋತು ಬಿಟ್ಟುಕೊಂಡು ನೋಡಿಸಿಕೊಂಡರು, 146 ಬಂತು. ಹತ್ತು ನಿಮಿಷ ಕೂರಿಸಿ, ಕೈ ಟೇಬಲ್ ಮೇಲೆ ಇಡಿಸಿ ನೋಡಿದರೆ 130!

ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದು ನಿಜವಾದ ಬಿಪಿ. ಆಗ ಕ್ರಿಯೇಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಮೂತ್ರದ ಪ್ರೋಟೀನ್, ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿಕೊಂಡು ಡಾಕ್ಟರನ್ನು ನೋಡಿ, ಮಾತ್ರೆಯ ಮಾತು ಅಲ್ಲಿ ಆಡೋಣ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು 130/80ನ್ನೇ ಹೈ ಬಿಪಿ ಅಂದವು. ಅಲ್ಲಿಯೂ ಎಲ್ಲರಿಗೂ ಮಾತ್ರೆ ಅನ್ನಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಹೀಗೆ: ಆಸ್ಪತ್ರೆಯಲ್ಲಿ 140/90 ಮುಟ್ಟಿದರೆ ಮಾತ್ರೆ. ಮೇಲಿನ ಸಂಖ್ಯೆ 130ರಿಂದ 139 ಇದ್ದಾಗ, ಮುಖ್ಯವಾಗಿ ಹೃದಯದ ಕಾಯಿಲೆ, ಶುಗರ್, ಕಿಡ್ನಿ ತೊಂದರೆ ಇದ್ದವರಿಗೆ.

ಅಮ್ಮನಿಗೆ ಹೇಳಿ, ಬಿಪಿ ಮಾತ್ರೆ ಚಟ ಹಿಡಿಸುವುದಿಲ್ಲ. ತೂಕ, ಉಪ್ಪು ಇಳಿಸಿದ ಕೆಲವರಿಗೆ ನಾವೇ ಕಡಿಮೆ ಮಾಡುತ್ತೇವೆ. ತಾವಾಗಿಯೇ ಬಿಡಬಾರದು, ಅಷ್ಟೇ.

ಸದಸ್ಯೆ: ಸರ್, ನಮ್ಮಮ್ಮನಿಗೆ 64, ಶುಗರ್ ಇದೆ. ಬಿಪಿ 136/84. ಅವರೂ ಕಾಯಬಹುದಾ? ಮಂಡಿನೋವಿಗೆ ದಿನಾ ಮಾತ್ರೆ ನುಂಗ್ತಾರೆ.

ಡಾಕ್ಟರ್: ಕಾಯುತ್ತಾ ಕೂರಬೇಡಿ ಮೇಡಂ. ಶುಗರ್ ಇರುವವರ ಲೆಕ್ಕ ಬೇರೆ, ಕಿಡ್ನಿಗೆ ಎರಡೂ ಸೇರಿ ಪೆಟ್ಟು ಕೊಡುತ್ತವೆ. ಈ ವಾರವೇ ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ನೋಡಿಸಿ. ನೋವಿನ ಮಾತ್ರೆಯ ಚೀಟಿಯನ್ನೂ ತಪ್ಪದೆ ಒಯ್ಯಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಬಿಪಿ ಏರಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ.

ಮೊದಲು ಕೇಳಿದವರು (ಹತ್ತು ದಿನದ ಮೇಲೆ): ಡಾಕ್ಟ್ರೇ, ನೀವು ಹೇಳಿದ ಹಾಗೇ ಅಳೆದೆ. ಸರಾಸರಿ 132/83 ಬಂತು.

ಡಾಕ್ಟರ್: ಒಳ್ಳೆಯದಾಯಿತು. ಈಗ ಮಾತ್ರೆ ಬೇಡ. ಆದರೆ ಗಡಿಯಲ್ಲೇ ಇದ್ದೀರಿ, ಅಪ್ಪನ ಕಥೆಯೂ ಇದೆ. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ. ಚಟ್ನಿಪುಡಿ, ಉಪ್ಪಿನಕಾಯಿ, ಸಂಜೆ ಅಂಗಡಿಗೆ ತರಿಸುವ ಮಂಡಕ್ಕಿ ಮಿರ್ಚಿ, ಎಲ್ಲ ಆ ಚಮಚದೊಳಗೇ ಬರಬೇಕು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಜೋರಾಗಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ, ಹೌದು ಅಂದರೆ ನನಗೆ ತಿಳಿಸಿ. ಮೂರು ತಿಂಗಳು ಬಿಟ್ಟು ಇನ್ನೊಂದು ವಾರ ಇದೇ ರೀತಿ ಅಳೆದು ಇಲ್ಲೇ ಹಾಕಿ, ನೋಡುತ್ತೇನೆ.