ಯೆಜ್ಡಿ ಬೋಲ್ಟಿಗೆ ಮನೆಯಲ್ಲೇ ಜಿಂಕ್ ಪ್ಲೇಟಿಂಗ್: ಕಪ್ಪು ಪುಡಿ ಯಾಕೆ ಹಿಡಿಯುತ್ತೆ?

ಪ್ರಶ್ನೆ: ಹಳೇ ಯೆಜ್ಡಿ ಬೈಕಿನ ಬೋಲ್ಟುಗಳಿಗೆ ಜಿಂಕ್ ಹತ್ತಿಸ್ತಿದ್ದೀನಿ. ವಿನೆಗರ್, ಉಪ್ಪು, ಜಿ.ಐ. ಶೀಟಿನ (ಸತು ಲೇಪಿಸಿದ ಕಬ್ಬಿಣದ ತಗಡು) ತುಂಡು, 12 ವೋಲ್ಟ್ ಬ್ಯಾಟರಿ ಚಾರ್ಜರ್. ಒಂದು ಸಲಕ್ಕೆ ಎರಡು ಎಂ8 (8 ಮಿ.ಮೀ. ದಪ್ಪದ) ಬೋಲ್ಟು. ಐದೇ ನಿಮಿಷಕ್ಕೆ ಕಪ್ಪು ಪುಡಿ, ಒರೆಸಿದ್ರೆ ಪೂರ್ತಿ ಹೋಗುತ್ತೆ. ಬಲ್ಲವರು ಹೇಳಿ.

ಉತ್ತರ: ಸರ್, ಮೊದಲು ಚಾರ್ಜರ್ ತೆಗೆದಿಡಿ. ಇಲ್ಲಿ ನೋಡಬೇಕಾದ್ದು ವೋಲ್ಟ್ ಅಲ್ಲ, ಆಂಪ್ಸ್. 30 ಮಿ.ಮೀ. ಉದ್ದದ ಎಂ8 ಬೋಲ್ಟಿನ ತಲೆ, ಥ್ರೆಡ್ ಎಲ್ಲ ಸೇರಿ ಮೇಲ್ಮೈ ಸುಮಾರು 15 ಚದರ ಸೆಂ.ಮೀ. ನೂರು ಚದರ ಸೆಂ.ಮೀ.ಗೆ 1.5 ಆಂಪ್ಸ್ ಲೆಕ್ಕ ಹಿಡಿದ್ರೆ ನಿಮ್ಮ ಎರಡು ಬೋಲ್ಟಿಗೆ ಬೇಕಾಗೋದು 0.45 ಆಂಪ್ಸ್ ಅಷ್ಟೇ. ಚಾರ್ಜರ್ 3 ಆಂಪ್ಸ್ ನೂಕಿದ್ರೂ ಅದು ಆರೂವರೆ ಪಟ್ಟು. ಬೋಲ್ಟಿನ ಪಕ್ಕದ ದ್ರಾವಣದಲ್ಲಿ ಸತು (ಜಿಂಕ್) ಖಾಲಿಯಾಗಿ ಬರೀ ಗುಳ್ಳೆ ಏಳುತ್ತೆ, ಬಂದಷ್ಟು ಸತುವೂ ಪುಡಿಯಾಗಿ ಕೂರುತ್ತೆ. ತಲೆಯ ಅಂಚು, ಥ್ರೆಡ್ಡಿನ ತುದಿ ಮೊದಲು ಕಪ್ಪಗಾಗಿದ್ರೆ ರೋಗ ಇದೇ. ಕರೆಂಟ್ ಕಟ್ಟಿಹಾಕೋಕೆ ಬರುವ ಪವರ್ ಸಪ್ಲೈ ಬೇಕು. 1.5ರ ಲೆಕ್ಕದಲ್ಲಿ 20 ನಿಮಿಷಕ್ಕೆ ಸುಮಾರು 8 ಮೈಕ್ರಾನ್ ಕೂರುತ್ತೆ. ಅದಕ್ಕಿಂತ ತುಂಬಾ ದಪ್ಪ ಮಾಡಿದ್ರೆ ನಟ್ ಹತ್ತಲ್ಲ.

ಉತ್ತರ: ಮೇಲಿನವರು ಹೇಳಿದ್ದು ಸರಿ, ಆದರೆ ವಿನೆಗರಿನಲ್ಲಿ ಕರಗಿರೋ ಸತುವೇ ಕಡಿಮೆ. ಗೊಬ್ಬರದಂಗಡಿಯ ಜಿಂಕ್ ಸಲ್ಫೇಟ್ ತನ್ನಿ, ಚೀಲದ ಮೇಲೆ ಸತು 21% ಅಂತಿರೋದು. 33%ದು ಆದ್ರೆ ಪ್ರಮಾಣ ಬೇರೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಅದು 240 ಗ್ರಾಂ, ಬೋರಿಕ್ ಪೌಡರ್ 25 ಗ್ರಾಂ, ಕಲಾಯಿಯವರು ಬಳಸುವ ನವಸಾಗರ 15 ಗ್ರಾಂ. ಬೋರಿಕ್ ಬಿಸಿನೀರಿನಲ್ಲೇ ಸಲೀಸಾಗಿ ಕರಗೋದು. ಗೊಬ್ಬರದಲ್ಲಿ ಕಸ ಇದ್ದೇ ಇರುತ್ತೆ, ದಪ್ಪ ಬಟ್ಟೆಯಲ್ಲಿ ಸೋಸಿ. ಜಿ.ಐ. ಶೀಟ್ ಬೇಡ; ಮೇಲಿನ ಸತು ಕರಗಿದ ಮೇಲೆ ಕಬ್ಬಿಣ ಇಳಿದು ದ್ರಾವಣ ಕೆಡುತ್ತೆ. ಅಪ್ಪಟ ಸತುವಿನ ತಗಡನ್ನು ಬೋಲ್ಟಿನ ಎರಡೂ ಕಡೆ ಇಳಿಬಿಡಿ.

ಪ್ರಶ್ನೆ ಕೇಳಿದವರು: ಕರೆಂಟ್ ಇಳಿಸಿದೆ, ಬೂದು ಬಣ್ಣ ಚೆನ್ನಾಗಿ ಬಂತು. ಆದ್ರೆ ತಲೆಯ ಮೇಲೆ ಒಂದು ಕಡೆ ಹಪ್ಪಳದ ಹಾಗೆ ಎದ್ದಿದೆ.

ಉತ್ತರ: ಅಲ್ಲಿ ಎಣ್ಣೆ ಉಳಿದಿದೆ. ಪಾತ್ರೆ ಸೋಪು, ಬಿಸಿನೀರಲ್ಲಿ ಉಜ್ಜಿ ತೊಳೆದು ಎತ್ತಿ ಹಿಡೀರಿ: ನೀರು ಒಂದೇ ಪರದೆಯಾಗಿ ಇಳೀಬೇಕು, ಹನಿಹನಿಯಾಗಿ ಒಡೆದ್ರೆ ಮತ್ತೆ ಉಜ್ಜಿ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದು ನಿಮಿಷ, ಬಯಲಲ್ಲೇ, ಕನ್ನಡಕ ಗ್ಲೌಸ್ ಹಾಕ್ಕೊಂಡು. (ಆಸಿಡ್ಡನ್ನ ನೀರಿಗೆ ಸುರೀಬೇಕು, ನೀರನ್ನ ಆಸಿಡ್‌ಗಲ್ಲ.) ತೊಳೆದ ಕೂಡಲೇ, ಒಣಗೋಕೆ ಬಿಡದೆ, ಬೆರಳು ತಾಗಿಸದೆ ದ್ರಾವಣಕ್ಕೆ.

ತಲೆಯ ಮೇಲೆ 10.9 ಅಥವಾ 12.9 ಅಂತ ಒತ್ತಿರೋ (ತುಂಬಾ ಗಟ್ಟಿ ಉಕ್ಕಿನ) ಬೋಲ್ಟು, ಸ್ಪ್ರಿಂಗು, ಇವನ್ನ ಮಾತ್ರ ಮನೇಲಿ ಮುಟ್ಟಲೇಬೇಡಿ. ಹೈಡ್ರೋಜನ್ ಉಕ್ಕಿನೊಳಗೆ ಸೇರಿ, ಬಿಗಿ ಮಾಡಿ ದಿನ ಕಳೆದ ಮೇಲೆ ಲಟಕ್ಕಂತ ಮುರಿಯುತ್ತೆ.

ಉತ್ತರ: ಪ್ಯಾಸಿವೇಷನ್, ಅಂದ್ರೆ ಸತುವಿನ ಮೇಲೆ ಕಾಪಾಡೋ ತೆಳು ಪದರ ಕೂರಿಸೋದು, ಅದರ ಬಗ್ಗೆ ಯಾರೂ ಹೇಳಲಿಲ್ಲ. ಬರೀ ಸತು ಬಿಟ್ಟರೆ ಮಲೆನಾಡು, ಕರಾವಳಿಯ ಮೊದಲ ಮಳೆಗೇ ಬಿಳಿ ಪುಡಿ ಏಳುತ್ತೆ. ಹಳದಿ ಹೊಳಪಿನ ಆಸೆಗೆ ಡೈಕ್ರೋಮೇಟ್ ತರಬೇಡಿ, ಅದು ಕ್ಯಾನ್ಸರ್‌ಕಾರಕ. ಟ್ರೈವೇಲೆಂಟ್ ಬ್ಲೂ ಅನ್ನೋ ಪ್ಯಾಸಿವೇಷನ್ ದ್ರಾವಣ ಸಾಕು. ಎಷ್ಟು ಹೊತ್ತು ಅದ್ದಬೇಕು ಅಂತ ಕ್ಯಾನಿನ ಮೇಲೇ ಇರುತ್ತೆ. ಮಿಕ್ಕಿದ ಸತುವಿನ ದ್ರಾವಣ ಚರಂಡಿಗೆ ಸುರೀಬೇಡಿ, ಮುಚ್ಚಳ ಹಾಕಿಟ್ಟರೆ ಮುಂದಿನ ಸಲಕ್ಕೂ ಬರುತ್ತೆ.